ಕಾಯಿ ನೀರು ಕುಡಿದ ಡಬ್ಬಿ ಮತ್ತು ದಸ್ತಗೀರಸಾಬ

ಕನ್ನೊಳ್ಳಿ ಬಳಿ ಹತ್ತೊಂಬತ್ತು ದಿನ ಕಾಲುವೆಯ ಹೂಳೆತ್ತಿದ ಮರೆವ್ವನ ಗುಂಪಿನ ಇಪ್ಪತ್ಮೂರು ಹೆಣ್ಣಾಳುಗಳಿಗೆ ಎಂಟು ದಿನದ ಕೂಲಿ ಇನ್ನೂ ಬರಬೇಕು. ಗುತ್ತಿಗೆದಾರ ಹನ್ನೊಂದೇ ದಿನ ಅನ್ನುತ್ತಾನೆ. ಸಾಕ್ಷಿ ಇದ್ದದ್ದು ಸಿಂದಗಿಯ ಕೂಲಿಕಾರರ ಸಂಘದ ಹಳೆ ಕಂಪ್ಯೂಟರಿನಲ್ಲಿ. ದಿನಾ ಸಂಜೆ ಹಾಜರಿ ಅದರೊಳಗೇ ಏರುತ್ತಿತ್ತು.

ಅದನ್ನು ಕೊಂದವನು ಗುತ್ತಿಗೆದಾರನಲ್ಲ, ಸಂಘದ ಕಾರ್ಯದರ್ಶಿ ಅರುಣಕುಮಾರ. ಮೂವತ್ತು ವರ್ಷ ದೇವರನ್ನು ಬೈದ ಮನುಷ್ಯ ಆಯುಧ ಪೂಜೆಯ ದಿನ ಮೆತ್ತಗಾದ. ನಡೆಯುತ್ತಿದ್ದ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕಲ್ಲು ಹುಡುಕಲು ಬೇಸರವಾಗಿ ಅದರ ಕಬ್ಬಿಣದ ಅಂಚಿಗೇ ಕಾಯಿ ಒಡೆದ. ನೀರು ಗಾಳಿಕಿಂಡಿಯಿಂದ ಒಳಗಿಳಿಯಿತು. ಚಟ್ ಎಂದಿತು. ಪೂಜೆ ಮುಗಿಯಿತು.

ಡಬ್ಬಿ ದಸ್ತಗೀರಸಾಬನ ಅಂಗಡಿಗೆ ಬಂತು. ಬಸ್ ಸ್ಟ್ಯಾಂಡಿನ ಹಿಂದೆ ಅವನ ರಿಪೇರಿ ನಲವತ್ತು ವರ್ಷದ್ದು. ರೇಡಿಯೋ ಸತ್ತಾಗ ಟೀವಿ ಹಿಡಿದ, ಟೀವಿ ತೆಳ್ಳಗಾಗಿ ಗೋಡೆ ಏರಿದಾಗ ಕಂಪ್ಯೂಟರ್ ಹಿಡಿದ. ಇಂಗ್ಲಿಷ್ ಓದಲು ಬಾರದು. ಪರದೆಯ ಯಾವ ಪುಟದ ಎಷ್ಟನೇ ಸಾಲಿನಲ್ಲಿ ಏನಿದೆ ಎಂಬುದು ಮಾತ್ರ ಬಾಯಿಪಾಠ. ಒಂದು ಸಲಕ್ಕೆ ಒಂದೇ ಬದಲಿಸು ಎಂಬುದು ಅವನ ಶಾಸ್ತ್ರ. ಅವತ್ತು ಅದನ್ನೇ ಮುರಿದ. ಮದರ್‌ಬೋರ್ಡ್ ಸುಟ್ಟಿತ್ತು, ಹಾಜರಿಯಿದ್ದ ಹಾರ್ಡ್‌ಡಿಸ್ಕ್ ಉಳಿದಿತ್ತು. ಅರುಣಕುಮಾರ ತಲೆಯ ಮೇಲೆ ನಿಂತು ಲಗೂ ಲಗೂ ಅಂದದ್ದಕ್ಕೆ ಬೋರ್ಡು, ರ‍್ಯಾಮು, ವೈರು ಮೂರನ್ನೂ ಒಟ್ಟಿಗೇ ಬದಲಿಸಿದ. ಗುಂಡಿ ಒತ್ತಿದರೆ ನೀಲಿ ಪರದೆ, ಕತ್ತಲೆ, ಮತ್ತೆ ನೀಲಿ.

“ಫಾರ್ಮ್ಯಾಟ್ ಹೊಡದ್ರ ನಡೀತೈತೇನ್ರಿ ಸಾಬ್ರ?” ಎಂದ ಅರುಣಕುಮಾರ.

“ನಡೀತೈತಿ. ಹಾಜರಿ ಅಷ್ಟ ಇರೂದಿಲ್ಲ. ತಲಿ ನೋವಿಗೆ ತಲೀನ ತಗದಂಗ.”

“ಬ್ಯಾರೆ ಕಂಪ್ಯೂಟರಿಗೆ ಹಚ್ಚಿ ನೋಡ್ರಲಾ.”

“ನೋಡೇನಿ. ಫೈಲ್ ಕಾಣ್ತೈತಿ, ತೆರಿಯೂದಿಲ್ಲ. ನಿಮ್ಮ ಹಾಜರಿ ಸಾಫ್ಟ್‌ವೇರ್ ತನ್ನ ಮನಿ ಬಿಟ್ಟು ಎಲ್ಲೂ ಬಾಯಿ ಬಿಡೂದಿಲ್ಲ.”

ಬಾಗಿಲಲ್ಲಿ ಕುಂತಿದ್ದ ಮರೆವ್ವ ಎಲೆಯಡಿಕೆ ಉಗಿದು ಒಳಗೆ ಬಂದಳು. “ಸಾಬಣ್ಣ, ನಮ್ಮ ಎಂಟು ದಿನ ಆ ಡಬ್ಬ್ಯಾಗ ಅದಾವೋ ಇಲ್ಲೋ, ಅಷ್ಟ ಹೇಳು.”

“ಅದಾವ ಯಕ್ಕಾ. ಡಬ್ಬಿ ಏಳಬೇಕು.”

“ಹಂಗಾರ ಎಬ್ಬಸು. ಇಂವನ್ನ ಹೊರಗ ಕಳಸು ಮೊದ್ಲ. ಮತ್ತೊಂದು ಕಾಯಿ ಒಡದಾನು.”

ಅರುಣಕುಮಾರ ಚಹಾ ನೆಪದಲ್ಲಿ ಹೊರಗೆ ಹೋದ. ದಸ್ತಗೀರಸಾಬ ತನ್ನ ಶಾಸ್ತ್ರಕ್ಕೆ ಮರಳಿದ. ಹಳೆ ವೈರು ಹಾಕಿದ: ನೀಲಿ. ಹಳೆ ರ‍್ಯಾಮು ಒರೆಸಿ ಕೂಡಿಸಿದ: ನೀಲಿ. ಹಾಗಾದರೆ ತಂಟೆ ಬೋರ್ಡಿನದು. ಸುಟ್ಟ ಬೋರ್ಡು ಡಿಸ್ಕಿನೊಂದಿಗೆ ಹಳೆ ರೀತಿಯಲ್ಲಿ ಮಾತಾಡುತ್ತಿತ್ತು. ಬದಲಿಗೆ ಹಾಕಿದ ಬೋರ್ಡು ಹೊಸ ರೀತಿಯಲ್ಲಿ ಕರೆಯುತ್ತಿತ್ತು. ಆ ಕರೆ ತಿಳಿಯದೆ ಡಿಸ್ಕು ಮುಗ್ಗರಿಸುತ್ತಿತ್ತು. ಬೋರ್ಡಿನ ಸೆಟ್ಟಿಂಗ್ ತೆರೆದ. ಮೂರನೇ ಪುಟ, ಮೇಲಿನಿಂದ ಎರಡನೇ ಸಾಲು. ಅದನ್ನು ಹಳೆ ರೀತಿಗೆ ತಿರುಗಿಸಿದ.

ಕಂಪ್ಯೂಟರ್ ಎದ್ದಿತು. ಹಾಜರಿ ತೆರೆಯಿತು. ಹತ್ತೊಂಬತ್ತು ದಿನ, ಇಪ್ಪತ್ಮೂರು ಹೆಸರು.

“ಎಷ್ಟಾತ್ರಿ?” ಚಹಾ ಕುಡಿದು ಬಂದ ಅರುಣಕುಮಾರ ಕೇಳಿದ.

“ಬೋರ್ಡಿಂದು ಎರಡು ಸಾವಿರ. ಪೂಜಾದ ದಂಡ ನೂರು.”

ಎರಡೂ ಕೊಟ್ಟ.

ಪ್ರಿಂಟು ಈಗ ಮರೆವ್ವನ ಉಡಿಯಲ್ಲಿದೆ. ಸೋಮವಾರ ಹತ್ತು ಗಂಟೆಗೆ ಇಪ್ಪತ್ಮೂರು ಜನ ಗುತ್ತಿಗೆದಾರನ ಮನೆಯೆದುರು ಕೂರುತ್ತಾರೆ. ಅವರು ಹೂಳೆತ್ತಿದ ಕಾಲುವೆಯ ನೀರು ನಿಮ್ಮ ಹೊಲಕ್ಕೂ ಹರಿದಿದೆ. ನೀವೂ ಬಂದು ಕೂರಬೇಕು. ಬರುವಾಗ ಕಾಯಿ ತರಬೇಡಿ.