ಐದನೆಯ ಮುತ್ತೈದೆ

ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದ ನನ್ನ ಅಕ್ಕ ಕೆಲವು ವರ್ಷಗಳ ಮೇಲೆ ರಜೆಗೆ ಬಂದಾಗ ಬಸವನಗುಡಿಯ ನನ್ನ ಮನೆಯಲ್ಲಿ ಇಳಿದುಕೊಂಡಿದ್ದಳು. ಅವಳನ್ನು ನೋಡಲು ಬಂದ ಅಕ್ಕಪಕ್ಕದ ಹೆಂಗಸರಿಗೆ ಅಲ್ಲಿನ ರಾಣಿಯ ವಿಚಾರ ಬೇಕಿರಲಿಲ್ಲ, ಚಳಿಯ ವಿಚಾರವೂ ಬೇಕಿರಲಿಲ್ಲ. ಕಾಫಿ ಲೋಟ ಕೈಗೆ ಬಂದ ಕೂಡಲೇ ಒಂದೇ ಪ್ರಶ್ನೆ. "ಅಲ್ಲಿ ಹೆಂಗಸ್ರು ರಾತ್ರಿ ಹೊತ್ತು ಒಬ್ಬೊಬ್ರೇ ಓಡಾಡ್ತಾರಂತೆ, ನಿಜಾನಾ? ಭಯ ಆಗಲ್ವಾ?" ಕೇಳುವಾಗ ಕೆಲವರ ಮುಖದಲ್ಲಿ ಆಸೆ, ಕೆಲವರ ಮುಖದಲ್ಲಿ ಅಸಹ್ಯ. ಎದುರು ಮನೆಯಾಕೆಯ ಮುಖದಲ್ಲಿ ಎರಡೂ ಇದ್ದವು. ಅಕ್ಕ ನಕ್ಕು, "ಇನ್ನೊಂದು ಕೋಡುಬಳೆ ತಗೊಳ್ಳಿ" ಎನ್ನುತ್ತಿದ್ದಳು. ನನ್ನ ಜೊತೆಗೇ ಇದ್ದ ಅಮ್ಮ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಆ ಪ್ರಶ್ನೆ ಬಂದಾಗ ಮಾತ್ರ ತಲೆ ಎತ್ತುತ್ತಿರಲಿಲ್ಲ. ಯಾಕೆಂದು ಹೇಳಬೇಕಾದರೆ ನಾನು ಎರಡನೆಯ ಮಹಾಯುದ್ಧದ ದಿನಗಳಿಗೆ ಹೋಗಬೇಕು.

ಆಗ ನಮ್ಮ ಮನೆ ಚಾಮರಾಜಪೇಟೆಯಲ್ಲಿತ್ತು. ಅಪ್ಪನದು ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ, ತಾತನ ಕಾಲದ್ದು. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ನಮ್ಮ ಮತದಲ್ಲಿ ಸೂತಕವಿಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಕ್ಕನ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡಾಗ ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಗಂಡನ ಮನೆಯವರು ಬಳೆ ಒಡೆದು, ಕುಂಕುಮ ಅಳಿಸಿ, ಹಣೆಗೆ ವಿಭೂತಿಯೊಂದನ್ನೇ ಉಳಿಸಿ ತವರಿಗೆ ಕಳಿಸಿದರು. ಕಳಿಸಿದವರೂ ಸೂತಕವಿಲ್ಲದ ಮತದವರು, ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡ ನಾವೂ ಅದೇ ಮತದವರು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ವಯಸ್ಸಾದರೆ ಉರಿ ಇಳಿಯುತ್ತದೆ ಎಂದಿದ್ದರು, ಇಳಿದಿಲ್ಲ.

ನಮ್ಮ ಮನೆಗೆ ಬರುತ್ತಿದ್ದ ವೈದ್ಯರೊಬ್ಬರು ಅಪ್ಪನ ಬೆನ್ನು ಬಿಡದೆ ಅಕ್ಕನನ್ನು ನರ್ಸ್ ತರಬೇತಿಗೆ ಸೇರಿಸಿದರು. ಕಲಿಯುವಾಗ ಅಲ್ಲೇ ಉಳಿಯಬೇಕೆಂಬ ನಿಯಮವಿತ್ತು, ಅಪ್ಪ ಹಲ್ಲು ಕಚ್ಚಿಕೊಂಡು ಸಹಿಸಿದರು. ಕೋಟೆಯ ಹತ್ತಿರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಇರಲು ಕ್ವಾರ್ಟರ್ಸ್‌ನಲ್ಲಿ ಕೋಣೆ ಕೊಡುತ್ತೇವೆಂದಾಗ ಮಾತ್ರ ಒಪ್ಪಲಿಲ್ಲ. "ಮನೆ ಹೆಣ್ಮಗಳು ಹೊರಗೆ ಮಲಗೋದು ಅಂದ್ರೇನು? ಜನ ಏನಂತಾರೆ? ಎಷ್ಟೊತ್ತಾದ್ರೂ ಮನೆಗೇ ಬರ್ಬೇಕು" ಎಂದುಬಿಟ್ಟರು. ಹೀಗೆ ಅವಳ ಮಾನ ಕಾಪಾಡಲೆಂದೇ ಅವಳನ್ನು ಕತ್ತಲಲ್ಲಿ ಬೀದಿಯಲ್ಲಿ ನಡೆಸಿದವರು ಅಪ್ಪ.

ವಾರ ಬಿಟ್ಟು ವಾರ ಅವಳ ಪಾಳಿ ಮುಗಿಯುವಷ್ಟರಲ್ಲಿ ರಾತ್ರಿ ಎಂಟಾಗುತ್ತಿತ್ತು. ಅಪ್ಪ ಅಂಗಡಿ ಮುಚ್ಚಿ ಬರುತ್ತಿದ್ದದ್ದು ಇನ್ನೂ ತಡವಾಗಿ. ಜಟಕಾದಲ್ಲಿ ಗುರುತಿಲ್ಲದ ಗಾಡಿಯವನ ಹಿಂದೆ ಒಬ್ಬಳೇ ಕೂರುವುದು ನಡೆಯುವುದಕ್ಕಿಂತ ಕೆಟ್ಟದ್ದು ಎಂದು ಅಮ್ಮನ ಲೆಕ್ಕ. ವಿಮಾನಗಳ ಭಯಕ್ಕೆ ಬೀದಿದೀಪಗಳಿಗೆಲ್ಲ ಕಪ್ಪು ಮುಸುಕು ಹಾಕಿದ್ದರು. ಕಂಬದ ಬುಡದಲ್ಲಿ ಒಂದು ಮೊರದಷ್ಟು ಬೆಳಕು, ಮುಂದಿನ ಕಂಬದವರೆಗೆ ಕತ್ತಲೆ. ಮಾರ್ಕೆಟ್ಟಿನ ಗದ್ದಲ ದಾಟಿ ಕೋಟೆಯ ಗೋಡೆಯ ಪಕ್ಕಕ್ಕೆ ಬಂದರೆ ಸದ್ದೂ ಇರುತ್ತಿರಲಿಲ್ಲ.

ಅಲ್ಲಿಂದ ಒಬ್ಬ ಸೈಕಲ್ಲಿನವನು ಅವಳ ಹಿಂದೆ ಬೀಳಲು ಶುರುಮಾಡಿದ. ಮುಂದೆ ಹೋಗುತ್ತಿರಲಿಲ್ಲ, ಹಿಂದೆ ಉಳಿಯುತ್ತಲೂ ಇರಲಿಲ್ಲ. ಅವಳ ಹೆಜ್ಜೆಗೆ ಸರಿಯಾಗಿ ತುಳಿಯುತ್ತ ಗಂಟೆ ಬಾರಿಸುತ್ತಿದ್ದ. ಗಂಟೆ ನಿಂತಾಗ ಮಾತಾಡುತ್ತಿದ್ದ. "ಹಣೇಲಿ ಕುಂಕುಮ ಇಲ್ವಲ್ಲ, ಕೇಳೋರಿಲ್ವಾ ನಿಂಗೆ?" ಅವಳು ಇದನ್ನು ಅಮ್ಮನಿಗೆ ಹೇಳಿರಲಿಲ್ಲ. ಹೇಳಿದರೆ ಕೆಲಸ ಬಿಡಿಸುತ್ತಾರೆ ಎಂದು ಗೊತ್ತಿತ್ತು. ಆ ಕೆಲಸ ಬಿಟ್ಟರೆ ಅವಳಿಗೆ ಉಳಿಯುವುದು ನಮ್ಮ ಮನೆಯ ಅಡುಗೆಮನೆಯ ಹಿಂದಿನ ಕತ್ತಲೆ ಕೋಣೆ, ಸಾಯುವ ತನಕ.

ಒಂದು ರಾತ್ರಿ ಅವಳು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು. ರವಿಕೆಯ ತೋಳು ಹರಿದು ಜೋಲುತ್ತಿತ್ತು. ಕುತ್ತಿಗೆಯ ಹತ್ತಿರ ಉಗುರಿನ ಗೀರು. ಬಾಗಿಲು ತೆರೆದ ಅಮ್ಮ ತೋಳನ್ನು ನೋಡಿದಳು, ಬೀದಿಯನ್ನು ನೋಡಿದಳು, ಅವಳನ್ನು ಒಳಗೆಳೆದುಕೊಂಡು ಅಗುಳಿ ಹಾಕಿದಳು. ಅಕ್ಕ ಅಳಲಿಲ್ಲ. ನೀರು ಕುಡಿದು, "ಅಪ್ಪಂಗೆ ಹೇಳ್ಬೇಡಮ್ಮ. ಹೇಳಿದ್ರೆ ನಾನು ಈ ಮನೇಲೇ ಕೊಳೆತು ಹೋಗ್ತೀನಿ" ಎಂದಳು. ಹನ್ನೊಂದು ವರ್ಷದ ನಾನು ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡೆ.

ಅಮ್ಮ ಆ ರಾತ್ರಿ ಮಲಗಿದಳೋ ಇಲ್ಲವೋ. ಬೆಳಿಗ್ಗೆ ಅಪ್ಪ ಅಂಗಡಿಗೆ ಹೋದ ಮೇಲೆ ದೇವರ ಗೂಡಿನಿಂದ ತನ್ನ ಮದುವೆಯ ಬೆಳ್ಳಿ ತಟ್ಟೆ ತಂದಳು. ಅದರ ಮೇಲೆ ಅರಿಶಿನ ಕುಂಕುಮದ ಜೋಡಿ ಬಟ್ಟಲು, ಎರಡು ವೀಳ್ಯದೆಲೆ, ಅಡಿಕೆ, ಮೇಲೆ ಮುಚ್ಚಲು ತಾನೇ ಹೆಣೆದ ಬಟ್ಟೆ. ಎಲ್ಲವನ್ನೂ ಒಂದು ಚೀಲದಲ್ಲಿಟ್ಟು ಅಕ್ಕನ ಕೈಗೆ ಕೊಟ್ಟಳು.

"ಪಾಳಿ ಮುಗಿದ್ಮೇಲೆ ಹಣೆಗಿಟ್ಕೋ. ಮಾರ್ಕೆಟ್ ಹತ್ರ ಒಂದು ಮೊಳ ಹೂ ತಗೊಂಡು ಮುಡ್ಕೋ. ತಟ್ಟೆ ಮುಂದೆ ಹಿಡ್ಕೊಂಡು ನಡಿ. ಅರಿಶಿನ ಕುಂಕುಮಕ್ಕೆ ಹೋಗ್ಬರೋ ಮುತ್ತೈದೇನ ಈ ಊರಲ್ಲಿ ಎಂಥಾ ಪೋಲಿನೂ ಮುಟ್ಟಲ್ಲ."

ಅಕ್ಕ ಚೀಲದೊಳಗೆ ನೋಡಿದಳು. "ಅಮ್ಮ, ನಾನು..." ಎಂದಳು.

"ನೀನೇನು ಅಂತ ನಂಗೊತ್ತು. ಬೀದಿಗೆ ಗೊತ್ತಾಗೋದು ಬೇಡ" ಎಂದಳು ಅಮ್ಮ.

ನಮ್ಮ ಅಮ್ಮ ಶುಕ್ರವಾರ ಅಕ್ಕ ಎದುರಿಗೆ ಬಂದರೆ ಹೊಸಿಲು ದಾಟದೆ ಒಂದು ಗಳಿಗೆ ನಿಲ್ಲುತ್ತಿದ್ದವಳು. ಮಗಳೆಂದು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಆದರೂ ನಿಲ್ಲುತ್ತಿದ್ದಳು. ಅಂಥವಳು ತನ್ನ ಕೈಯಾರೆ ಆ ತಟ್ಟೆ ಕೊಟ್ಟಳು. ಅವಳಿಗೆ ಎಷ್ಟು ಹೆದರಿಕೆಯಾಗಿತ್ತು ಎಂಬುದು ನನಗೆ ಅರ್ಥವಾದದ್ದು ನನಗೂ ಹೆಣ್ಣುಮಗು ಹುಟ್ಟಿದ ಮೇಲೆ.

ಅಮ್ಮನ ಲೆಕ್ಕ ತಪ್ಪಲಿಲ್ಲ. ಮೊದಲ ರಾತ್ರಿಯೇ ಕೋಟೆ ಗೋಡೆಯ ಹತ್ತಿರ ಅದೇ ಗಂಟೆ ಹಿಂದಿನಿಂದ ಬಂತು. ಕಂಬದ ಬೆಳಕಿನಲ್ಲಿ ತಟ್ಟೆಯನ್ನೂ ಹಣೆಯನ್ನೂ ಕಂಡ ಆ ಮನುಷ್ಯ ಸೈಕಲ್ಲಿನಿಂದ ಇಳಿದೇಬಿಟ್ಟ. ಅವನಿಗೆ ಅವಳ ಗುರುತು ಹತ್ತಲಿಲ್ಲ. "ಹೋಗಿ ತಾಯಿ" ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ರವಿಕೆ ಹರಿದ ಕೈಯೇ ಮುಗಿದು ನಿಂತಿತ್ತು. ಅಕ್ಕ ಮನೆಗೆ ಬಂದು ಇದನ್ನು ಹೇಳುತ್ತಾ ನಕ್ಕಳು. ಆ ನಗು ಕೇಳಿ ನನಗೆ ಊಟ ಸೇರಲಿಲ್ಲ.

ಅಲ್ಲಿಂದ ಮುಂದೆ ಅದೊಂದು ಪದ್ಧತಿಯಾಯಿತು. ಅಕ್ಕ ಸಂದಿಯಿಂದ ಹಿತ್ತಲಿಗೆ ಬರುವ ಹೊತ್ತಿಗೆ ಅಮ್ಮ ಅಲ್ಲಿ ಒದ್ದೆ ಬಟ್ಟೆ ಹಿಡಿದು ಕಾಯುತ್ತಿದ್ದಳು. ಹೂ ತೆಗೆದು ಬಾವಿಕಟ್ಟೆಯ ಪಕ್ಕದ ಗಿಡದ ಬುಡಕ್ಕೆ ಹಾಕಿ, ಕುಂಕುಮ ಒರೆಸಿ, ವಿಭೂತಿ ಹಚ್ಚಿ, ಆಮೇಲೆ ಒಳಗೆ ಬಿಡುತ್ತಿದ್ದಳು. ಕೆಂಪು ಪೂರ್ತಿ ಹೋಗುವ ತನಕ ಉಜ್ಜುತ್ತಿದ್ದಳು. ಒಂದು ದಿನ ಅಕ್ಕ ಅಮ್ಮನ ಕೈ ಹಿಡಿದುಕೊಂಡು, "ನೀನು ಅಳಿಸ್ಬೇಡಮ್ಮ. ದಿನಾ ಅವರು ಸತ್ತಂಗಾಗುತ್ತೆ. ಬಟ್ಟೆ ಕೊಡು, ನಾನೇ ಒರೆಸ್ಕೋತೀನಿ" ಎಂದಳು. ಅಮ್ಮ ಬಟ್ಟೆ ಕೊಟ್ಟು ಮುಖ ತಿರುಗಿಸಿಕೊಂಡಳು.

ಮಳೆಗಾಲ ಕಳೆದು ನವರಾತ್ರಿ ಬಂತು. ಮನೆಮನೆಯಲ್ಲಿ ಬೊಂಬೆ, ಬೀದಿ ತುಂಬ ತಟ್ಟೆ ಹಿಡಿದ ಹೆಂಗಸರು. ಈ ಹತ್ತು ದಿನ ತನ್ನಂತೆ ಎಲ್ಲರೂ ಓಡಾಡುತ್ತಾರೆ, ನೆಮ್ಮದಿ ಎಂದುಕೊಂಡಿದ್ದಳು ಅಕ್ಕ. ಅಮ್ಮನೂ ಹಾಗೆಯೇ ತಿಳಿದಿದ್ದಳು. ಬರೀ ಗಂಡಸರಿಗೆ ಹೆದರಿ ಹೆದರಿ ಇಬ್ಬರೂ ಹೆಂಗಸರನ್ನು ಮರೆತಿದ್ದರು.

ನಮ್ಮ ಹಿಂದಿನ ಬೀದಿಯ ಒಂದು ಮನೆಗೆ ಹೊಸ ಸೊಸೆ ಬಂದಿದ್ದಳು. ಶುಕ್ರವಾರ ಐದು ಜನ ಮುತ್ತೈದೆಯರನ್ನು ಕೂರಿಸಿ ಸೊಸೆಗೆ ಅರಿಶಿನ ಕುಂಕುಮ ಹಚ್ಚಿಸಬೇಕೆಂದು ಆ ಮನೆಯ ಅತ್ತೆ ಕರೆಕಳಿಸಿದ್ದರು. ನಾಲ್ವರು ಬಂದಿದ್ದರು, ಐದನೆಯವರು ಬರಲಿಲ್ಲ. ಹೊತ್ತಾಯಿತೆಂದು ಆಕೆ ಬಾಗಿಲಲ್ಲಿ ನಿಂತಿದ್ದಾಗ ಮುಸುಕು ದೀಪದ ಕೆಳಗೆ ತಟ್ಟೆ ಹಿಡಿದ, ಹೂ ಮುಡಿದ ಹೆಂಗಸೊಬ್ಬಳು ಬರುತ್ತಿರುವುದು ಕಂಡಿತು. ಅಕ್ಕನ ಮುಖ ಗುರುತಿಲ್ಲದ ಆಕೆ ಓಡಿಬಂದು ಅವಳ ಕೈ ಹಿಡಿದುಕೊಂಡರು. "ದೇವಿ ಕಳಿಸ್ದಂಗೆ ಬಂದ್ರಿ. ಒಂದು ನಿಮಿಷ ಒಳಗೆ ಬಂದ್ಹೋಗಿ, ನೀವೇ ಐದನೆಯವರು." ಅಕ್ಕ ಹೊತ್ತಾಯಿತು ಎಂದಳು, ಮೈ ಸರಿಯಿಲ್ಲ ಎಂದಳು. ಕುಂಕುಮಕ್ಕೆ ಕರೆದರೆ ಒಲ್ಲೆ ಎನ್ನುವ ಮುತ್ತೈದೆ ಎಲ್ಲಿದ್ದಾಳೆ? ಆಕೆ ಕೈ ಬಿಡಲಿಲ್ಲ.

ಒಳಗೆ ಕಣ್ಣು ಕೋರೈಸುವ ದೀಪ. ಹಸೆಯ ಮೇಲೆ ಹದಿನಾರರ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅಕ್ಕ ಅವಳ ಕೆನ್ನೆಗೆ ಅರಿಶಿನ ಹಚ್ಚಿದಳು, ಹಣೆಗೆ ಕುಂಕುಮ ಇಟ್ಟಳು, ತಾಳಿಗೂ ಇಟ್ಟಳು. ಹುಡುಗಿ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. "ಒಳ್ಳೇದಾಗ್ಲಿ ಅಂತ ಮನಸಾರೆ ಅಂದೆ ಕಣೇ. ಅಷ್ಟು ಮನಸಾರೆ ಬೇರೆ ನಾಲ್ಕು ಜನಾನೂ ಅಂದಿರಲಿಕ್ಕಿಲ್ಲ" ಎಂದು ಅಕ್ಕ ಆಮೇಲೆ ನನಗೆ ಹೇಳಿದಳು. ಎದ್ದು ತಿರುಗಿದಾಗ ಗೋಡೆಗೊರಗಿ ಕೂತಿದ್ದ ಹೆಂಗಸೊಬ್ಬಳು ಇವಳನ್ನೇ ನೋಡುತ್ತಿದ್ದಳು. ಅಪ್ಪನ ಅಂಗಡಿಯಲ್ಲಿ ವರ್ಷವೂ ಸೀರೆ ಕೊಳ್ಳುತ್ತಿದ್ದವಳು, ಅಕ್ಕನ ಸಂಗತಿ ಬಲ್ಲವಳು.

ಸುದ್ದಿ ನಮ್ಮ ಮನೆಗೆ ಬರಲು ಬೆಳಗಾಗುವುದೂ ಬೇಕಾಗಲಿಲ್ಲ. ಆ ಅತ್ತೆ ರಾತ್ರಿಯೇ ಬಂದರು. ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಜಗಲಿಯ ಮೇಲೆ ಕುಸಿದು ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತರು. "ನನ್ನ ಮಗ ನಿಮಗೇನು ಮಾಡಿದ್ದ? ಆ ಹುಡುಗೀಗೆ ಈ ಹೊತ್ತಲ್ಲಿ ತಣ್ಣೀರು ಸುರಿದು ಬಂದಿದೀನಿ, ಗಡಗಡ ನಡುಗ್ತಾ ಕೂತಿದೆ." ಅಪ್ಪ ಆಗ ತಾನೇ ಅಂಗಡಿಯಿಂದ ಬಂದಿದ್ದರು. ಅವರ ಮುಖ ಬಿಳಿಚಿಕೊಂಡಿತು. ಆಕೆಯನ್ನು ಕೈಮುಗಿದು ಕಳಿಸಿ, ಬಾಗಿಲು ಹಾಕಿ, ಅಕ್ಕನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಯಾರು ಹೇಳ್ಕೊಟ್ಟಿದ್ದು ಇದನ್ನ?"

"ಯಾರೂ ಇಲ್ಲ. ಅಮ್ಮಂಗೆ ಗೊತ್ತಿಲ್ದೆ ತಟ್ಟೆ ತಗೊಂಡಿದ್ದೆ" ಎಂದಳು ಅಕ್ಕ.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಅಮ್ಮ ಸೌಟನ್ನು ನೋಡುತ್ತಾ ನಿಂತಳು. ಹರಿದ ತೋಳಿನ ವಿಷಯವನ್ನೂ ಹೇಳಲಿಲ್ಲ.

"ನಾಳೆಯಿಂದ ಆಸ್ಪತ್ರೆ ಬೇಡ. ಮನೇಲಿರು" ಎಂದರು ಅಪ್ಪ.

ಅಕ್ಕ ಬೆಳಿಗ್ಗೆ ಎದ್ದು, ಟ್ರಂಕಿಗೆ ಎರಡು ಸೀರೆ ಹಾಕಿಕೊಂಡು, ಮುಂಬಾಗಿಲಿನಿಂದಲೇ ಹೊರಟುಹೋದಳು. ಆಸ್ಪತ್ರೆಯ ಕ್ವಾರ್ಟರ್ಸ್‌ನಲ್ಲಿ ಕೋಣೆ ಕೇಳಿದಳು, ಕೊಟ್ಟರು. ಅಪ್ಪ ಅವಳಿಗೆ ಮತ್ತೆ ಬಾಗಿಲು ತೆರೆಯಲಿಲ್ಲ. ತಟ್ಟೆಯನ್ನು ಚಿನಿವಾರರಿಗೆ ಕೊಟ್ಟು ಕರಗಿಸಿಬಿಟ್ಟರು. ಆ ಬೀದಿಯಲ್ಲಿ ಅಮ್ಮನನ್ನು ಅರಿಶಿನ ಕುಂಕುಮಕ್ಕೆ ಕರೆಯುವುದು ನಿಂತೇ ಹೋಯಿತು. ಹಬ್ಬದ ದಿನ ಅವಳು ಜರಿ ಸೀರೆ ಉಟ್ಟು ಬಾಗಿಲಲ್ಲಿ ಕೂತಿರುತ್ತಿದ್ದಳು, ಹೆಂಗಸರು ತಟ್ಟೆ ಹಿಡಿದು ಮುಂದಿನ ಮನೆಗೆ ಹೋಗುತ್ತಿದ್ದರು. ಆ ರಾತ್ರಿ ನೀನು ಮಾತಾಡಿದ್ದರೆ ಇನ್ನೇನು ಕಳೆದುಕೊಳ್ಳುತ್ತಿದ್ದೆ ಎಂದು ಅವಳನ್ನು ಕೇಳಬೇಕೆನಿಸುತ್ತಿತ್ತು. ಆ ಮೌನಕ್ಕಾಗಿ ನಾನು ಅವಳನ್ನು ಬಹಳ ವರ್ಷ ಕ್ಷಮಿಸಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಅಕ್ಕ ಹಡಗು ಹತ್ತಿದಳು. ಅಪ್ಪ ತೀರಿಕೊಂಡಾಗ ಅವಳು ದೂರದ ದೇಶದಲ್ಲಿದ್ದಳು. ಅಮ್ಮನ ಹಣೆಯ ಮೇಲೂ ವಿಭೂತಿ ಮಾತ್ರ ಉಳಿಯಿತು.

ರಜೆ ಮುಗಿದು ಅಕ್ಕ ಹೊರಡುವ ಹಿಂದಿನ ದಿನ ಹಳೆಯ ಬೀದಿ ನೋಡಬೇಕೆಂದು ಅಮ್ಮನೇ ಹಟ ಹಿಡಿದಳು. ಮೂವರೂ ಚಾಮರಾಜಪೇಟೆಗೆ ಹೋದೆವು. ಮಾರಿದ್ದ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತು ವಾಪಸು ಹೊರಟಾಗ ಬಸ್ಸು ತಪ್ಪಿತು. ನಡೆದೇ ಹೊರಟೆವು, ದಾರಿಯಲ್ಲೇ ಕತ್ತಲಾಯಿತು. ಜನವಿಲ್ಲದ ಒಂದು ತಿರುವಿನಲ್ಲಿ ಹಿಂದಿನಿಂದ ಸೈಕಲ್ ಗಂಟೆ ಕೇಳಿಸಿತು. ಮೂವರೂ ಒಟ್ಟಿಗೇ ನಿಂತುಬಿಟ್ಟೆವು. ಯಾರೋ ಪಾಪದ ಗುಮಾಸ್ತೆ, ಟಿಫನ್ ಡಬ್ಬಿ ನೇತುಹಾಕಿಕೊಂಡು ಮುಂದೆ ಹೋದ.

ಎಲ್ಲರೂ ಕೇಳಿದ್ದನ್ನು ಅಮ್ಮ ಆಗ ಕೇಳಿದಳು. "ಅಲ್ಲಿ ರಾತ್ರಿ ಒಬ್ಳೇ ನಡೀತೀಯಾ?"

"ನಡೀತೀನಿ. ಪಾಳಿ ಮುಗಿದ್ಮೇಲೆ ಇನ್ನೇನು ಮಾಡ್ಲಿ?"

"ಹೆದರಿಕೆ ಆಗಲ್ವಾ?"

"ಆಗುತ್ತಮ್ಮ. ಅಲ್ಲೂ ಕುಡುಕರಿದಾರೆ, ಹಿಂದೆ ಬರೋರಿದಾರೆ. ಮಂಜಲ್ಲಿ ಹೆಜ್ಜೆ ಸದ್ದು ಕೇಳಿದ್ರೆ ಎದೆ ಡವಡವ ಅನ್ನುತ್ತೆ."

"ಆಗೇನು ಮಾಡ್ತೀಯ?"

ಅಕ್ಕ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ತಂದು, ಅಂಗೈ ಮೇಲೆ ಮಾಡಿ, ಹಿಡಿದು ತೋರಿಸಿದಳು. "ಹೀಗೆ ನಡೀತೀನಿ" ಎಂದಳು. "ಅಲ್ಲಿ ಯಾರಿಗೂ ಇದೇನು ಅಂತ ಗೊತ್ತಾಗಲ್ಲ, ಇದಕ್ಕೆ ಯಾರೂ ದಾರಿ ಬಿಡಲ್ಲ. ಆದ್ರೂ ಕೈ ತಾನಾಗೇ ಬರುತ್ತೆ."

ಅಮ್ಮ ಆ ಖಾಲಿ ಕೈಗಳನ್ನು ನೋಡುತ್ತಾ ಬೀದಿಯ ಮಧ್ಯದಲ್ಲೇ ನಿಂತಳು. "ಆ ತಟ್ಟೆ ಕೊಟ್ಟೋಳು ನಾನು ಅಂತ ನಿಮ್ಮಪ್ಪಂಗೆ ಹೇಳ್ಲಿಲ್ಲ ಕಣೇ" ಎಂದಳು.

"ಗೊತ್ತಮ್ಮ" ಎಂದಳು ಅಕ್ಕ. "ಬೇಗ ನಡಿ, ಕತ್ತಲಾಯ್ತು."