ವೈನಿ ಬಡಿದಿಟ್ಟು ಹೋದ ರೊಟ್ಟಿ

ಮೊನ್ನೆ ಕಮಲಾಪುರದಿಂದ ನನ್ನನ್ನು ನೋಡಲು ಬಂದ ನಾದಿನಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆಯ ಗಂಟೊಂದನ್ನು ಇಟ್ಟಳು. ಬಿಚ್ಚುವ ಮೊದಲೇ ವಾಸನೆ ಬಂತು. ಖಡಕ್ ರೊಟ್ಟಿ. ಹಂಚಿನ ಮೇಲೆ ಚೂರು ಸೀದ ಜೋಳದ ವಾಸನೆ. ನನ್ನ ಬೆನ್ನುಮೂಳೆಯ ಆಪರೇಷನ್ ಆಗಿ ಮೂರು ವಾರವಾಗಿತ್ತು. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯಲ್ಲಿ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಫ್ಯಾನು ನೋಡುತ್ತ ಮಲಗಿದ್ದೆ.

"ವೈನಿ, ದವಾಖಾನಿಗೆ ಹೋಗೂ ಮುಂದ ಒಂದಿಷ್ಟು ರೊಟ್ಟಿ ಬಡದಿಟ್ಟು ಹೋಗಿದ್ದಿಲ್ಲೇನ್ರಿ? ಅಣ್ಣಾಗ ಭಾಳ ತ್ರಾಸ ಆಗಿರಬೇಕು," ಎಂದಳು.

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಎದ್ದು ಕೂತು ಜಗಳವಾಡೋಣವೆಂದರೆ ಎಬ್ಬಿಸಿ ಕೂರಿಸಲು ಇನ್ನೊಬ್ಬರು ಬೇಕು. ಆ ವಾಸನೆ ಮಾತ್ರ ನನ್ನನ್ನು ತವರಿಗೆ, ಕಮಲಾಪುರದ ನಮ್ಮ ಓಣಿಗೆ ಎಳೆದುಕೊಂಡು ಹೋಯಿತು...

ಅಲ್ಲೂ ಒಬ್ಬರು ವೈನಿ ಇದ್ದರು. ರಕ್ತಸಂಬಂಧವೇನೂ ಇಲ್ಲ. ಎದುರುಮನೆಯ ಅಣ್ಣನ ಹೆಂಡತಿ, ಹಾಗಾಗಿ ಓಣಿಯ ಹುಡುಗಿಯರಿಗೆಲ್ಲ ವೈನಿ. ನಾನಾಗ ದಿನಾ ಬಸ್ಸಿನಲ್ಲಿ ಕಲಬುರಗಿಯ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಸಂಜೆ ಬಸ್ಸಿಳಿದವಳು ನೇರ ಅವರ ಅಡುಗೆಮನೆಯ ಹೊಸ್ತಿಲಿಗೆ ಹೋಗಿ ಕೂರುತ್ತಿದ್ದೆ. ವೈನಿಗೆ ಜನರ ನಡಿಗೆ ಅಣಕಿಸುವುದೊಂದು ಹುಚ್ಚು. ರೊಟ್ಟಿ ಬಡಿಯುವುದನ್ನು ಬಿಟ್ಟೆದ್ದು, ಹಿಟ್ಟಿನ ಕೈಯಲ್ಲೇ ಸೆರಗು ಸಿಕ್ಕಿಸಿಕೊಂಡು, ಕಂಡಕ್ಟರು ಹೇಗೆ ನಡೆಯುತ್ತಾನೆ, ಅವರ ಅತ್ತೆ ಹೇಗೆ ನಡೆಯುತ್ತಾರೆ, ಎಲ್ಲ ಮಾಡಿ ತೋರಿಸುತ್ತಿದ್ದರು. ನಮ್ಮ ಇತಿಹಾಸದ ಮೇಷ್ಟ್ರನ್ನು ಅವರು ಕಂಡೇ ಇರಲಿಲ್ಲ. ನಾನು ಹೇಳಿದ್ದಷ್ಟನ್ನು ಕೇಳಿಕೊಂಡು ಅವರ ನಡಿಗೆಯನ್ನೂ ಮಾಡಿದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ.

ಮೊದಲು ಅವರಿಗೆ ಬೆನ್ನುನೋವು ಬಂತು. ಆಮೇಲೆ ಎಡಗಾಲು ಜೋಮು ಹಿಡಿಯತೊಡಗಿತು. ಕಾಲಿನಿಂದ ಚಪ್ಪಲಿ ಜಾರಿ ಹೋದದ್ದೂ ತಿಳಿಯುತ್ತಿರಲಿಲ್ಲ. ಕಲಬುರಗಿಯ ದೊಡ್ಡ ಡಾಕ್ಟರ ಹತ್ತಿರ ಹೋಗುವಾಗ ಅಣ್ಣ ನನ್ನನ್ನೂ ಜೊತೆಗೆ ಕರೆದುಕೊಂಡ, ಕಾಗದ ಓದಲಿಕ್ಕೆ ಕಲಿತವಳೊಬ್ಬಳು ಇರಲಿ ಎಂದು. ಬೆನ್ನೆಲುಬಿನ ನಡುವಿನ ಗಾದಿ ಜರುಗಿ ನರ ಒತ್ತುತ್ತಿದೆ, ಬರುವ ಸೋಮವಾರವೇ ಆಪರೇಷನ್ ಆಗಬೇಕು, ತಡ ಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದರು. ಅಲ್ಲಿಯವರೆಗೆ ಪಾಲಿಸಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅದೇ ಸಂಜೆ ಅವರ ಪಡಸಾಲೆಯಲ್ಲಿ ನಿಂತು ನಾನು ಗಟ್ಟಿಯಾಗಿ ಓದಿದೆ. ಬಗ್ಗಬಾರದು. ನೆಲದ ಮೇಲೆ ಕೂರಬಾರದು. ಭಾರ ಎತ್ತಬಾರದು. ಮನೆಯವರೆಲ್ಲ ತಲೆದೂಗಿದರು.

ಆಮೇಲೆ ಅತ್ತೆ ಬಾಯಿ ತೆರೆದರು. "ಎಲ್ಲಾ ಖರೆ ಅದ. ಆದ್ರ ಈಕಿನ್ನ ಬಿಟ್ಟು ಮನ್ಯಾಗ ಆರು ಮಂದಿ ಇದ್ದೀವಿ. ಈಕಿ ಎರಡು ತಿಂಗಳು ಮಲಗಿದ್ರ ರೊಟ್ಟಿ ಯಾರು ಬಡೀಬೇಕು?"

ಆರು ಮಂದಿಗೆ ಹನ್ನೆರಡು ಕೈ ಇದ್ದವು. ಅದು ಯಾರ ತಲೆಗೂ ಹೊಳೆಯಲಿಲ್ಲ. ಡಾಕ್ಟರು ಹೇಳಿದ ಸೋಮವಾರ ಹೋಗಿ, ಅದರಾಚೆಯ ಮೂರನೆಯ ಸೋಮವಾರ ನಿಗದಿಯಾಯಿತು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲವಲ್ಲ! ಚೀಟಿಯನ್ನು ಒಲೆಯ ಮೇಲಿನ ಮೊಳೆಗೆ ಸಿಕ್ಕಿಸಿದರು. ಅದರ ಕೆಳಗೇ ವೈನಿ ನೆಲದ ಮೇಲೆ ಕೂತು, ಬಗ್ಗಿ, ಎರಡು ತಿಂಗಳ ರೊಟ್ಟಿ ಬಡಿದರು. ಏಳುವಾಗ ಗೋಡೆ ಹಿಡಿದು ಹಲ್ಲು ಕಚ್ಚಿ ಏಳುತ್ತಿದ್ದರು.

ನಾನೇನು ಮಾಡಿದೆ? ರೊಟ್ಟಿ ಎಣಿಸಿ ಬುಟ್ಟಿಗೆ ಹಾಕಿದೆ. ನನಗೆ ಬಡಿಯಲು ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಿಕೊಳ್ಳುವುದೇ ಆಗ ನನಗೊಂದು ಜಂಬ. ಮುರಿದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಅಲ್ಲೇ ಕೂತು ತಿಂದೆ. ಚೀಟಿ ಓದಿದವಳೂ ನಾನೇ. ಒಂದು ದಿನ ಮಾತ್ರ, "ಸಾಕು ಮಾಡ್ರಿ ವೈನಿ, ಬಗ್ಗಬಾರದು ಅಂತ ಬರದಾರ," ಎಂದೆ.

"ಬರಿಯೋರಿಗೇನವಾ, ಅವರ ಮನ್ಯಾಗ ಯಾರೋ ಬಡೀತಿರ್ತಾರ," ಎಂದು ನಕ್ಕರು.

ಮೂರು ವಾರದ ಮೇಲೆ ಬಂದದ್ದು ನೋಡಿ ಡಾಕ್ಟರು ರೇಗಿದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

"ಎಲ್ಲಾ ಬಂದೋಬಸ್ತ್ ಮಾಡ್ಕೊಂಡು ಬಂದೀವ್ರಿ ಸಾಹೇಬ್ರ," ಎಂದ ಅಣ್ಣ, ಎದೆಯುಬ್ಬಿಸಿ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಪರೇಷನ್ ಆಗಿ ಬೆನ್ನುನೋವು ಹೋಯಿತು. ಎಡಪಾದ ಮಾತ್ರ ಮೇಲೇಳಲಿಲ್ಲ. ನರ ಬಹಳ ದಿನ ಒತ್ತಿಹೋಗಿತ್ತು, ಮೊದಲೇ ಬಂದಿದ್ದರೆ ಪಾದ ಉಳಿಯಬಹುದಿತ್ತು ಎಂದರು ಡಾಕ್ಟರು. ಉಳಿಯಬಹುದಿತ್ತು...

ಬಡಿದಿಟ್ಟ ರೊಟ್ಟಿಯ ಕಥೆ ಕೇಳಿ. ವೈನಿಯನ್ನು ಮಾತಾಡಿಸಲು ಬಂದವರು ಮಂಚದ ಸುತ್ತ ಕೂತು ಅವೇ ರೊಟ್ಟಿ ಮುರಿದು ತಿಂದರು. ಎಂಥ ಜಾಣ ಸೊಸೆ ಎಂದು ಹೊಗಳಿದರು. ಎರಡು ತಿಂಗಳ ರೊಟ್ಟಿ ಮೂರೇ ವಾರಕ್ಕೆ ಖಾಲಿ. ಆಗ ಅಣ್ಣ ಅಡುಗೆಮನೆಯಲ್ಲಿ ಎತ್ತರದ ಕಟ್ಟೆ ಕಟ್ಟಿಸಿದ, ಹೆಂಡತಿ ಬಗ್ಗದೆ ನಿಂತೇ ರೊಟ್ಟಿ ಬಡಿಯಲಿ ಎಂದು! ಹೆಂಡತಿಯ ಮೇಲೆ ಎಷ್ಟು ಪ್ರೀತಿ ಎಂದು ಓಣಿಯೆಲ್ಲ ಕೊಂಡಾಡಿತು. ನಾನೂ ಕೊಂಡಾಡಿದೆ. ಸೊಂಟದ ಬೆಲ್ಟ್ ಬಿಚ್ಚುವ ಮೊದಲೇ ವೈನಿ ಆ ಕಟ್ಟೆಯ ಮುಂದೆ ನಿಂತಿದ್ದರು, ಎಡಗಾಲು ಎಳೆದುಕೊಂಡು.

ಎಷ್ಟೋ ದಿನಗಳ ಮೇಲೆ, ಹಳೆಯ ಸಲುಗೆಯಿಂದ, ಕಂಡಕ್ಟರ ನಡಿಗೆ ಮಾಡಿ ತೋರಿಸಿ ಎಂದು ಕೇಳಿದೆ. ಕೇಳಬಾರದಿತ್ತು. ವೈನಿ ರೊಟ್ಟಿಯ ಮೇಲಿನ ಕೈ ತೆಗೆಯಲಿಲ್ಲ.

"ಈಗ ನಂದೇ ಮಂದಿ ಮಾಡಿ ತೋರಸ್ತಾರವಾ," ಎಂದರು.

ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಮೊನ್ನೆ ಇದನ್ನೆಲ್ಲ ನಾದಿನಿಗೆ ಹೇಳಿದೆ. ಹೇಳಿ, "ಅದಕ್ಕ ನಾ ಬಡದಿಡಲಿಲ್ಲ," ಎಂದೆ. ನನ್ನ ಗಂಡ ಈ ಮೂರು ವಾರ ಜಗತ್ ಸರ್ಕಲ್ಲಿನ ಅಂಗಡಿಯಿಂದ ರೊಟ್ಟಿ ತಂದು ತಿಂದಿದ್ದಾನೆ, ಬಡವಾಗಿಯೇನೂ ಇಲ್ಲ. ಅದನ್ನೂ ಹೇಳಿದೆ. ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಬ್ಬ, ತಿಳಿಯಿತು ಎಂದುಕೊಂಡೆ.

"ಪಾಪ... ಆದ್ರೂ ಎಂಥ ಜಾಣಿ ನೋಡ್ರಿ ವೈನಿ, ಮನಿಗೆ ಒಂದು ದಿನಾನೂ ಕಡಿಮಿ ಮಾಡಲಿಲ್ಲ," ಎಂದಳು.

ಆ ಗಂಟನ್ನು ನಾನು ಬಿಚ್ಚಿಲ್ಲ. ಬೆಳಿಗ್ಗೆ ಎಚ್ಚರವಾದ ಕೂಡಲೇ ಹೊದಿಕೆಯೊಳಗೆ ಎಡಗಾಲಿನ ಬೆರಳುಗಳನ್ನು ಮೇಲೆತ್ತಿ ನೋಡುತ್ತೇನೆ. ಡಾಕ್ಟರು ಹೇಳಿದ ದಿನವೇ ಹೋಗಿ ಮಲಗಿದವಳ ಬೆರಳುಗಳು, ಸಲೀಸಾಗಿ ಏಳುತ್ತವೆ. ಖುಷಿಯಾಗಬೇಕು. ಆದರೆ ಎದುರುಮನೆಯ ವೈನಿ ನೆನಪಾಗುತ್ತಾರೆ, ಅವರ ಪಾದ ಕಳೆದದ್ದು ಬರೀ ರೊಟ್ಟಿಗಾಗಿ ಎಂದು ದಿನಾ ಸಿಟ್ಟು ಬರುತ್ತದೆ.