ಜಿನ್ನಪ್ಪ ಮಾಸ್ತರರ ಬಿಳಿ ತತ್ತಿ

ರಬಕವಿಯ ಡ್ರಾಯಿಂಗ್ ಮಾಸ್ತರ ಜಿನ್ನಪ್ಪನವರು ತಮ್ಮ ಜೈನ ಮನೆತನ ಬಾಯಿಗಿಡದ ಪದಾರ್ಥಗಳನ್ನೆಲ್ಲ ಬಣ್ಣದಲ್ಲಿ ಬರೆದು ಮುಗಿಸಿದ್ದರು. ಅವರ ಉಳ್ಳಾಗಡ್ಡಿಯ ಚಿತ್ರ ನೋಡಿ ಬಸದಿಯ ಪಂಡಿತರ ಕಣ್ಣಲ್ಲಿ ನೀರು ಸುರಿದಿತ್ತು. ಬಟಾಟೆಯ ಚಿತ್ರವನ್ನು ಇಲಿಯೊಂದು ಹೊತ್ತೊಯ್ದು, ಮೋಸ ತಿಳಿದ ಮೇಲೆ ನಾಚಿ ತಿರುಗಿ ತಂದಿಟ್ಟಿತ್ತು. ಉಳಿದದ್ದು ಮೊಟ್ಟೆಯೊಂದೇ. ಜಲವರ್ಣದಲ್ಲಿ ಬಿಳಿಯನ್ನು ಹಚ್ಚುವುದಿಲ್ಲ. ಕಾಗದವನ್ನು ಖಾಲಿ ಬಿಟ್ಟು, ಸುತ್ತಲಿನ ನೆರಳಿನಿಂದಲೇ ಹುಟ್ಟಿಸಬೇಕು. ಬಿಳಿ ಅರಿವೆಯ ಮೇಲೊಂದು ಬಿಳಿ ಮೊಟ್ಟೆ ಬರೆದರೆ ಜನ್ಮ ಸಾರ್ಥಕವೆಂದುಕೊಂಡಿದ್ದರು.

ಹೆಂಡತಿ ಸುಮನ ಒಂದೇ ಕರಾರು ಹಾಕಿದರು. "ನೋಡ್ರಿ, ಅದರಾಗ ಜೀವ ಇದ್ರ ಹೊಸ್ತಿಲ ದಾಟಿಸಬ್ಯಾಡ್ರಿ."

"ಅಂಗಡಿ ತತ್ತಿ ಅಂದ್ರ ಸುಣ್ಣದ ಡಬ್ಬಿ ಇದ್ದಂಗ. ಹುಂಜದ ಮಾರೀನೂ ಕಂಡಿರೂದಿಲ್ಲ. ನನ್ನ ಮಾತಿನ ಮ್ಯಾಲೆ ಭರೋಸಾ ಇಲ್ಲೇನು?"

"ಅದರ ಮ್ಯಾಲೇ ಮುದಕಿ ಆಗೇನಲ್ಲ."

ಆದರೆ ಅಂಗಡಿಯ ಮೊಟ್ಟೆ ಪ್ಲಾಸ್ಟಿಕ್ಕಿನ ಹಾಗಿತ್ತು, ನೆರಳೇ ನಿಲ್ಲಲಿಲ್ಲ. ಮಾಸ್ತರರು ಚಿಮ್ಮಡಕ್ಕೆ ಹೋಗಿ, ನಾಟಿಕೋಳಿ ಸಾಕುವ ಮುತ್ತವ್ವನಿಂದ ಒಂದು ಬಿಳಿ ಜವಾರಿ ತತ್ತಿ ತಂದರು.

"ಬರದ ಮ್ಯಾಲೆ ಇಟ್ಕೊಂಡ ಕುಂದರಬ್ಯಾಡ್ರಿ, ಮಾಸ್ತರ," ಎಂದಳು ಮುತ್ತವ್ವ. "ನನ್ನ ಹುಂಜ ಭಾಳ ಹುಶಾರ ಐತಿ."

ಮಾಸ್ತರರು ನಕ್ಕರು. ಮನೆಯಲ್ಲಿ ಆ ಮಾತು ಎತ್ತಲಿಲ್ಲ.

ಮಾಸ್ತರರ ಹಳೆಯ ಬಿಳಿ ಧೋತರದ ನಿರಿಗೆಯಲ್ಲಿ ಮೊಟ್ಟೆ ಕೂತಿತು. ನೆರಳು ಕದಲದಿರಲೆಂದು ಅದರ ತಲೆಯ ಮೇಲೆ ಹಗಲಿರುಳು ಆರದ ಬಲ್ಬು, ಪಕ್ಕದಲ್ಲಿ ಕುಂಚ ತೊಳೆಯುವ ನೀರಿನ ಬೋಗುಣಿ. ರಬಕವಿಯ ಬೇಸಿಗೆ, ಕಲ್ಲನ್ನಿಟ್ಟರೂ ಮರಿಯಾಗುವ ಕಾಲ. ಮಾಸ್ತರರಿಗೆ ಒಂದು ಮಗ್ಗುಲೂ ಸರಿಕಾಣದೆ, ಮುಂಜಾನೆ ಸಂಜೆ ಮೊಟ್ಟೆಯನ್ನು ಮೆಲ್ಲಗೆ ಹೊರಳಿಸಿ, ಬರೆದ ಹಾಳೆಯನ್ನು ಹರಿದು ಮತ್ತೆ ಕೂತರು. ತಾಯಿಕೋಳಿಯೂ ಇಷ್ಟು ಶ್ರದ್ಧೆಯಿಂದ ಕೂತಿರಲಾರದು.

ಹೀಗೆ ಮೂರು ವಾರ ಕಳೆದು, ಒಂದು ಮುಂಜಾನೆ ನೆರಳು ಒಲಿಯಿತು. ಕೊನೆಯ ಗೆರೆ ಎಳೆಯುವಾಗ ಎಲ್ಲೋ ಟಿಕ್ ಟಿಕ್ ಎಂದಿತು. ಗೋಡೆಯಾಚೆ ಪವರ್‌ಲೂಮು, ಹುಟ್ಟಿದಾಗಿನಿಂದ ಕೇಳಿದ ಸದ್ದು. ಕಿವಿಗೊಡಲಿಲ್ಲ. ಸಹಿ ಹಾಕಿ, ಬಲ್ಬು ಆರಿಸಿ, ಫ್ಯಾನು ಹಚ್ಚಿ ಹಾಳೆ ಒಣಗಿಸಿದರು. ಫ್ಯಾನನ್ನು ತಿರುಗಲು ಬಿಟ್ಟೇ, ಚೌಕಟ್ಟಿಗೆ ಹೇಳಿಬರಲು ಜಮಖಂಡಿಯ ಬಸ್ಸು ಹಿಡಿದರು.

ಸಂಜೆ ಬಂದಾಗ ಸುಮನ ಮೇಜಿನ ಮುಂದೆ ಕೂತಿದ್ದರು. ಮೊಟ್ಟೆಯಲ್ಲಿ ಕಡಲೆಕಾಳಿನಷ್ಟು ತೂತು. ಅದರಲ್ಲಿ ಕೊಕ್ಕಿನ ತುದಿ. ಫ್ಯಾನಿನ ಗಾಳಿಗೆ ಒಣಗಿ, ಅಲುಗಾಡುತ್ತಿರಲಿಲ್ಲ.

"ಮಧ್ಯಾಹ್ನತನಾ ಒದರ್ತಿತ್ತರಿ," ಎಂದರು ಸುಮನ. "ಹೆಂಗ ಮುಟ್ಟಬೇಕಂತ ನನಗ ಗೊತ್ತಾಗಲಿಲ್ಲ. ನಿಮಗ ಗೊತ್ತಿತ್ತೇನು, ಇದು ಜವಾರಿದು, ಜೀವ ಇರ್ತೈತಿ ಅಂತ?"

ಮಾಸ್ತರರು ಹೊಸ್ತಿಲಲ್ಲೇ ನಿಂತರು. "ಗೊತ್ತಿತ್ತು."

ಸುಮನ ಮೊಟ್ಟೆಯನ್ನು ಎತ್ತಿಕೊಂಡರು. ಆ ಧೋತರದಲ್ಲೇ ಸುತ್ತಿ, ಹಿತ್ತಲಲ್ಲಿ ತಾವೇ ಮಣ್ಣು ಮಾಡಿ ಬಂದರು. ಮಾಸ್ತರರು ಚಿತ್ರವನ್ನು ಹರಿಯಲು ಎತ್ತಿದಾಗ ಸುಮನ ಅವರ ಕೈ ಹಿಡಿದರು.

"ಅದೊಂದಾದ್ರೂ ಉಳೀಲಿ."

ಚೌಕಟ್ಟು ಬಂತು. ಮಾಸ್ತರರು ಉಣ್ಣುವ ಜಾಗದ ಎದುರಿಗೇ ಸುಮನ ಮೊಳೆ ಹೊಡೆದರು. ಬಡಿಸುತ್ತಾರೆ, ಮಾತೂ ಆಡುತ್ತಾರೆ. ಆದರೆ ಮಾಸ್ತರರು "ಹಾಲು ಕಾಸೇನಿ" ಎಂದರೂ ಸಾಕು, ಎದ್ದುಹೋಗಿ ಪಾತ್ರೆ ಮುಟ್ಟಿ ನೋಡಿ ಬರುತ್ತಾರೆ.

ಮೇಜಿನ ಮೇಲೆ ಈಗ ಏನೂ ಇಲ್ಲ. ಬಲ್ಬು ಮಾತ್ರ ಹಗಲೂ ರಾತ್ರಿ ಉರಿಯುತ್ತದೆ. ಕರೆಂಟು ಹೋದರೆ ಮಾಸ್ತರರು ಉಣ್ಣುತ್ತಿದ್ದ ಕೈಯನ್ನು ತಾಟಿನಲ್ಲೇ ನಿಲ್ಲಿಸುತ್ತಾರೆ. ಗೋಡೆಯಾಚೆಯ ಮಗ್ಗವೂ ಆಗ ನಿಂತಿರುತ್ತದೆ. ಅವರು ಕಿವಿಗೊಟ್ಟು ಕೂತೇ ಇರುತ್ತಾರೆ.